ಹೆಸರಿನ ಕೊನೆಯ ಅಕ್ಷರ



ಜಪಾನಿನಲ್ಲಿ ಭಾರತೀಯರ ಹೆಸರುಗಳನ್ನು ಕತಕಾನಾ ಲಿಪಿಯಲ್ಲಿ ಬರೆಯುತ್ತಾರೆ. ಧ್ವನಿ ಉಳಿಯುತ್ತದೆ, ಅರ್ಥ ಉಳಿಯುವುದಿಲ್ಲ. ಚೀನಾದಲ್ಲಿ ಹೆಸರಿನ ಪ್ರತಿ ಅಕ್ಷರಕ್ಕೂ ಅರ್ಥವುಂಟು.

ಕನ್ನಡ, ಮರಾಠಿಗಳು ಬೆರೆತ ಸೊಲ್ಲಾಪುರದಲ್ಲಿ 1910ರಲ್ಲಿ ಜನಿಸಿದ ಡಾ. ದ್ವಾರಕಾನಾಥ ಕೋಟ್ನೀಸರು, ಜಪಾನೀ ಆಕ್ರಮಣದಲ್ಲಿ ಗಾಯಗೊಂಡವರ ಚಿಕಿತ್ಸೆಗೆಂದು 1938ರಲ್ಲಿ ಚೀನಾಕ್ಕೆ ತೆರಳಿದ ಐವರು ಭಾರತೀಯ ವೈದ್ಯರಲ್ಲೊಬ್ಬರು. ಅಲ್ಲಿ ಅವರು ಕೆ ದಿಹ್ವಾ ಎನಿಸಿದರು. ಐವರ ಚೀನೀ ಹೆಸರುಗಳ ಕೊನೆಯಲ್ಲೂ ‘ಹ್ವಾ’ ಇತ್ತು. ಅದರರ್ಥ ಚೀನಾ.

1942ರಲ್ಲಿ ಹುಟ್ಟಿದ ಮಗನಿಗೆ ಯಿನ್‌ಹ್ವಾ, ಅಂದರೆ ‘ಭಾರತ-ಚೀನಾ’ ಎಂಬ ಹೆಸರಾಯಿತು. ಅದೇ ಡಿಸೆಂಬರಿನಲ್ಲಿ ತಂದೆ ತೀರಿಕೊಂಡರು. ಆ ಹೆಸರಿನಲ್ಲಿ ಕೂಡಿದ್ದ ದೇಶಗಳೆರಡೂ 1962ರಲ್ಲಿ ಯುದ್ಧಕ್ಕಿಳಿದವು. ಆಗ ಭಾರತವು ಚೀನೀ ಮೂಲದ ಸಾವಿರಾರು ಜನರನ್ನು ರಾಜಸ್ಥಾನದ ದೇವಲಿ ಶಿಬಿರದಲ್ಲಿ ಕೂಡಿಹಾಕಿತು.

ದಿಹ್ವಾ ಎಂಬ ಹೆಸರನ್ನು ಕೊಂಡಾಡುವ ನಾಡು ದೇವಲಿಯಲ್ಲಿ ಬಂದಿಗಳಾದವರ ಹೆಸರುಗಳನ್ನೂ ನೆನೆಯಬೇಕು.