ಮೆಟ್ಟಿನ ಮರುಹುಟ್ಟು

(ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಫ್ಯಾಷನ್ನಿನ ವಿಷಯವಾಗಿ ನಾಲ್ಕು ಮಾತಾಡುವ ಹೊಣೆ ಈ ಸಲ ಬ್ಯಾಂಕಿನ ಗುಮಾಸ್ತರಾದ ನಮ್ಮ ಪಾಲಿಗೆ ಬಂದಿದೆ. ಬೆಳಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಲಾಡ್ ಸ್ಟೇಷನ್ನಿನಲ್ಲಿ ಚರ್ಚ್‌ಗೇಟಿನ ಗಾಡಿ ಹತ್ತಿ, ಇಳಿಯುವ ಹೊತ್ತಿಗೆ ಅದೇ ಅಂಗಿಯನ್ನು ಹಿಂಡಿ ಹರವಿದಂತೆ ಮಾಡಿಕೊಳ್ಳುವ ಜನ ನಾವು. ನಮಗೂ ಫ್ಯಾಷನ್ನಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧವುಂಟು. ಫ್ಯಾಷನ್ನೆಂಬುದು ಉಡುಗೆ ತೊಡುಗೆಯ ಮಾತಾಗಿರುವಷ್ಟೇ ಜಮಾಖರ್ಚಿನ ಮಾತೂ ಹೌದು; ಹಣ ಯಾರ ಕೈಯಿಂದ ಹೊರಟು ಯಾರ ಕೈ ಸೇರಿತು ಎಂಬ ಲೆಕ್ಕದ ಮಾತು. ಆ ಮಟ್ಟಿಗೆ ಅದು ನಮ್ಮ ಕಸುಬೇ.

ಸಿರಿವಂತರ ಫ್ಯಾಷನ್ನು ಬೇರೂರಿದ್ದು ಪ್ಯಾರಿಸಿನಲ್ಲಿ. 1858ರಲ್ಲಿ ಚಾರ್ಲ್ಸ್ ಫ್ರೆಡರಿಕ್ ವರ್ತ್ ಎಂಬ ಇಂಗ್ಲೆಂಡಿನವನು ಅಲ್ಲಿ ಅಂಗಡಿ ತೆರೆದ. ಅದುವರೆಗೆ ದೊಡ್ಡ ಮನೆಯ ಹೆಂಗಸರು ತಮಗೆ ಬೇಕಾದುದನ್ನು ಹೇಳುತ್ತಿದ್ದರು, ಸಿಂಪಿಗರು ಹೊಲಿದು ಕೊಡುತ್ತಿದ್ದರು. ವರ್ತನು ತಾನೇ ನಮೂನೆಗಳನ್ನು ಮಾಡಿ ತೋರಿಸಿದ. ಉಡುಪಿನ ಒಳಗಡೆ ತನ್ನ ಹೆಸರಿನ ಚೀಟಿಯನ್ನು ಹೊಲಿದ. ಬಟ್ಟೆಗಿಂತ ಚೀಟಿಗೆ ಬೆಲೆ ಬಂದದ್ದು ಅಂದಿನಿಂದ ಎನ್ನಬೇಕು. ಈ ಚೀಟಿಯ ವಿಷಯಕ್ಕೆ ಮತ್ತೆ ಬರುವೆವು.

ಹಳೆಯ ಫ್ಯಾಷನ್ನು ಏಕೆ ತಿರುತಿರುಗಿ ಬರುತ್ತದೆ? ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಅಧಿಕಾರಿಯಾಗಿದ್ದ ಜೇಮ್ಸ್ ಲೇವರ್ ಎಂಬ ವಿದ್ವಾಂಸ 1937ರಲ್ಲಿ ಇದಕ್ಕೊಂದು ಪಟ್ಟಿ ಕಟ್ಟಿದ. ಅವನ ಮಾತಿನ ಸಾರವೇನೆಂದರೆ, ಕಾಲಕ್ಕೆ ಮುಂಚೆ ಬಂದ ಉಡುಪು ನಾಚಿಕೆಗೇಡು. ತನ್ನ ಕಾಲದಲ್ಲಿ ಅದು ಠೀವಿ. ಹತ್ತು ವರ್ಷ ಕಳೆದರೆ ವಿಕಾರ, ಇಪ್ಪತ್ತಕ್ಕೆ ನಗೆಪಾಟಲು. ಐವತ್ತು ದಾಟಿದರೆ ಅದರಲ್ಲೇನೋ ಸೊಗಸು ಕಾಣತೊಡಗುತ್ತದೆ. ನೂರೈವತ್ತಾದರೆ ಸುಂದರವೇ ಸರಿ. ಈ ಪಟ್ಟಿಗೆ ಪುರಾವೆ ಬೇಕಾದವರು ತಂದೆಯವರ ಮದುವೆಯ ಫೋಟೋ ತೆಗೆದು ನೋಡಬಹುದು. ಎಪ್ಪತ್ತರ ದಶಕದ ಬೆಲ್‌ಬಾಟಮ್ ಪ್ಯಾಂಟನ್ನು ಕಂಡು ನಾವು ಹುಡುಗರಾಗಿದ್ದಾಗ ಬಿದ್ದುಬಿದ್ದು ನಕ್ಕೆವು. ಈಗ ಅದನ್ನೇ ಬೇರೊಂದು ಹೆಸರಿನಿಂದ ನಮ್ಮ ನಟರಾಜ ಮಾರ್ಕೆಟ್ಟಿನಲ್ಲಿ ತೂಗುಹಾಕಿದ್ದಾರೆ.

ಪ್ಯಾಂಟಿನ ಮಾತು ಸಾಕು. ಕನ್ನಡಿಗರ ಲೆಕ್ಕದ ಪುಸ್ತಕಕ್ಕೆ ನೇರವಾಗಿ ಸೇರುವ ಮಾತು ಅದಕ್ಕಿಂತ ಕೆಳಗೆ, ಪಾದದಲ್ಲಿದೆ.

2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಸಂಸ್ಥೆಯವರು ಗಂಡಸರ ಹೊಸ ಉಡುಪುಗಳ ಪ್ರದರ್ಶನ ನಡೆಸಿದರು. 1913ರಲ್ಲಿ ತೊಗಲಿನ ಸಾಮಾನಿನ ಅಂಗಡಿಯಾಗಿ ಹುಟ್ಟಿ, ಇಂದು ಜಗತ್ತಿನ ಸಿರಿವಂತರೆಲ್ಲ ಹೆಸರು ಬಲ್ಲ ಮನೆ ಅದು. ಅಲ್ಲಿ ನಡೆದುಬಂದ ತರುಣರ ಕಾಲಿನಲ್ಲಿದ್ದುದು, ಹೆಬ್ಬೆರಳು ತೂರಿಸುವ ಉಂಗುಟ, ಅಡ್ಡಪಟ್ಟಿ, ಚಪ್ಪಟೆ ಅಟ್ಟೆ ಎಲ್ಲವೂ ಸೇರಿ, ನಮ್ಮ ಕೊಲ್ಹಾಪುರಿ ಚಪ್ಪಲಿಯೇ. ಅವರು ಕೊಟ್ಟ ವಿವರಣೆಯಲ್ಲಿ ಕೊಲ್ಹಾಪುರದ ಹೆಸರಿಲ್ಲ, ಭಾರತದ ಹೆಸರೂ ಇಲ್ಲ; ತೊಗಲಿನ ಸ್ಯಾಂಡಲ್ ಎಂದಷ್ಟೇ ಇತ್ತು. ಅದರ ಬೆಲೆ ಲಕ್ಷ ರೂಪಾಯಿಗೂ ಮೇಲೆಂದು ಪತ್ರಿಕೆಗಳು ಬರೆದವು. ಮಹಾರಾಷ್ಟ್ರದಲ್ಲಿ ಕೂಗೆದ್ದಿತು, ಆಗಲೇಬೇಕಾದ ಕೂಗು ಅದು. ಸಂಸ್ಥೆಯವರು ಮಹಾರಾಷ್ಟ್ರದ ವಾಣಿಜ್ಯ ಮಂಡಳಿಗೆ ಪತ್ರ ಬರೆದು, ಸ್ಫೂರ್ತಿ ಭಾರತದ ಕೈಕಸುಬಿನದೇ ಎಂದು ಒಪ್ಪಿಕೊಂಡರು.

ಮುಂಬಯಿಯ ಲೋಕಲ್ ಗಾಡಿಯಲ್ಲಿ ಆ ದಿನಗಳಲ್ಲಿ ಕೇಳಿದ ಮಾತೆಲ್ಲ ಕೊಲ್ಹಾಪುರದ್ದೇ. ಅಥಣಿಯ ಹೆಸರನ್ನು ಯಾರೂ ಎತ್ತಲಿಲ್ಲ, ಕನ್ನಡಿಗರೂ ಎತ್ತಲಿಲ್ಲ. ಆದರೆ ಈ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಸೂಚಕದ ಮಾನ್ಯತೆ ಎರಡು ರಾಜ್ಯಗಳಿಗೆ ಜಂಟಿಯಾಗಿ ದೊರೆತದ್ದು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ ನಾಲ್ಕು ಜಿಲ್ಲೆ. ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ನಾಲ್ಕು ಜಿಲ್ಲೆ. ಸರಿಯಾಗಿ ಅರ್ಧ ಪಾಲು ನಮ್ಮದು. ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿಯ ಕಡೆ ತಲೆಮಾರುಗಳಿಂದ ಇದೇ ಕಸುಬಿನಿಂದ ಬಾಳಿದ ಮನೆಗಳುಂಟು. ಬ್ಯಾಡಗಿಯ ಹೆಸರಿನ ಮೆಣಸಿನಕಾಯಿಯೆಲ್ಲ ಬ್ಯಾಡಗಿಯಲ್ಲೇ ಬೆಳೆದುದಲ್ಲವಷ್ಟೆ? ಹಾಗೆಯೇ ಸರಕು ಯಾವ ಪೇಟೆಯಲ್ಲಿ ಬಿಕರಿಯಾಯಿತೋ ಆ ಪೇಟೆಯ ಹೆಸರೇ ಅದಕ್ಕೆ ಅಂಟಿತು. ಛತ್ರಪತಿ ಶಾಹು ಮಹಾರಾಜರು ಕಸುಬಿಗೆ ಪ್ರೋತ್ಸಾಹ ಕೊಟ್ಟ ಊರು ಕೊಲ್ಹಾಪುರ. ಹೆಸರಿಗೆ ಅದು ಅರ್ಹವೇ. ನಮಗೆ ಅದರಲ್ಲಿ ತಕರಾರಿಲ್ಲ. 1956ರ ನವೆಂಬರ್ 1ರವರೆಗೆ ಈ ಎಂಟು ಜಿಲ್ಲೆಗಳ ನೆಲವೆಲ್ಲ ಹೆಚ್ಚುಕಡಿಮೆ ಮುಂಬಯಿ ರಾಜ್ಯದಲ್ಲೇ ಇತ್ತು. ನಾವು ರಾಜ್ಯೋತ್ಸವ ಆಚರಿಸುವ ಅದೇ ದಿನ ಮೆಟ್ಟಿನ ಸೀಮೆ ಎರಡಾಯಿತು. ಗಡಿಯ ವಿಷಯದಲ್ಲಿ ಇಂದಿಗೂ ವಾದ ಮಾಡುವ ಎರಡು ಸರಕಾರಗಳು ಒಂದೇ ಅರ್ಜಿಗೆ ರುಜು ಹಾಕಿದ್ದು ಒಂದು ಜೊತೆ ಚಪ್ಪಲಿಗಾಗಿ ಎಂಬುದು ಸಣ್ಣ ಸಂಗತಿಯಲ್ಲ.

ಈ ಮೆಟ್ಟು ಆಗುವ ಬಗೆಯನ್ನು ಸ್ವಲ್ಪ ಕೇಳಬೇಕು. ಎಮ್ಮೆ ಕೋಣಗಳ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆಯುತ್ತಾರೆ. ಆಮೇಲೆ ಜಾಲಿಯ ತೊಗಟೆ, ಅಳಲೆಕಾಯಿಗಳ ಒಗರುನೀರಿನಲ್ಲಿ ಹದಮಾಡುತ್ತಾರೆ. ತೊಗಲನ್ನೇ ಚೀಲದಂತೆ ಹೊಲಿದು, ಒಳಗೆ ಈ ಒಗರನ್ನು ತುಂಬಿ ತೂಗುಹಾಕುವುದು ಹಳೆಯ ಕ್ರಮ. ಹದವಾಗಲು ದಿನಗಳಲ್ಲ, ವಾರಗಳು ಹಿಡಿಯುತ್ತವೆ. ಅಟ್ಟೆಗಳನ್ನು ಒಂದರ ಮೇಲೊಂದಿಟ್ಟು ಬಡಿದು ಹೊಲಿಯುವುದೂ ತೊಗಲಿನ ದಾರದಿಂದಲೇ, ಮೊಳೆಯೆಂಬುದಿಲ್ಲ. ಅಟ್ಟೆ ಕತ್ತರಿಸುವುದು, ಬಡಿಯುವುದು ಗಂಡಸರ ಪಾಲು. ಸಣ್ಣ ಜಡೆ ಹೆಣೆಯುವುದು, ಮೇಲಣ ಕುಸುರಿ ಹೆಚ್ಚಾಗಿ ಹೆಂಗಸರ ಪಾಲು. ಅಥಣಿಯ ಕಡೆಯ ಈ ಹೆಂಗಸರು ಸ್ವಸಹಾಯ ಸಂಘಗಳನ್ನು ಕಟ್ಟಿಕೊಂಡು ‘ಟೋಹೋಲ್ಡ್’ ಎಂಬ ಹೆಸರಿನಲ್ಲಿ ಪರದೇಶಗಳಿಗೆ ಚಪ್ಪಲಿ ಕಳುಹಿಸಿದ್ದೂ ಉಂಟು. ಪ್ರಾಡಾ ಬರುವುದಕ್ಕೆ ಬಹಳ ಮೊದಲಿನ ಮಾತು ಅದು.

ಈಗ ತಿರುಗುಚಕ್ರವನ್ನು ನೋಡೋಣ. ಹೊಲದಲ್ಲಿ, ಕಲ್ಲುದಾರಿಯಲ್ಲಿ ನಡೆಯಲೆಂದು ಮಾಡಿದ ಭಾರದ ಮೆಟ್ಟು ಇದು. 1920ರ ಸುಮಾರಿಗೆ ಕೊಲ್ಹಾಪುರದ ಸೌದಾಗರ ಮನೆತನದವರು ಅದನ್ನು ತೆಳುಮಾಡಿ, ಪಕ್ಕಕ್ಕೆ ಕಿವಿಯಂಥ ಎರಡು ಪಟ್ಟಿ ಇಟ್ಟು ‘ಕಾನ್‌ವಾಲಿ’ ಎಂಬ ನಮೂನೆ ಮಾಡಿ ಮುಂಬಯಿಗೆ ಕಳುಹಿಸಿದರೆಂದು ಹೇಳುತ್ತಾರೆ. ಹೀಗೆ ಹೊಲದ ಮೆಟ್ಟು ಪೇಟೆಯ ಷೋಕಿಯಾದದ್ದು ನಮ್ಮ ಈ ಮುಂಬಯಿಯಲ್ಲೇ. ಎಪ್ಪತ್ತರ ದಶಕದಲ್ಲಿ ಹಿಪ್ಪಿಗಳು ಅದನ್ನು ಪಶ್ಚಿಮಕ್ಕೆ ಹೊತ್ತರು. ಇಲ್ಲಿ ಜುಬ್ಬಾ, ಗಡ್ಡ, ಹೆಗಲ ಜೋಳಿಗೆಗಳ ಜತೆಗೆ ಅದೂ ಬುದ್ಧಿಜೀವಿಗಳ ಸಮವಸ್ತ್ರವಾಯಿತು. 1979ರ ‘ಸುಹಾಗ್’ ಚಿತ್ರದಲ್ಲಿ ಅಮಿತಾಭ್ ಬಚ್ಚನ್ನನ ಕೈಗೇ ಕೊಲ್ಹಾಪುರಿ ಬಂತು. ಆಮೇಲೆ ರಬ್ಬರು, ರೆಕ್ಸಿನ್ನು, ಕ್ರೀಡೆಯ ಬೂಟುಗಳ ಕಾಲ. ಈಗ ಪುನಃ ಗಣಪತಿ ಹಬ್ಬದ ಮೆರವಣಿಗೆಯಲ್ಲಿ, ಕಾಲೇಜು ಹುಡುಗಿಯರ ಜೀನ್ಸಿನ ಕೆಳಗೆ, ಕೊನೆಗೆ ಮಿಲಾನಿನಲ್ಲಿ.

ಲೇವರನ ಪಟ್ಟಿ ಒಂದು ಸಂಗತಿಯನ್ನು ಹೇಳುವುದಿಲ್ಲ. ತೊಡುವವನಿಗೆ ಇಪ್ಪತ್ತು ವರ್ಷ ಕಾಯುವುದು ಕಷ್ಟವಲ್ಲ. ಪೆಟ್ಟಿಗೆಯಲ್ಲಿಟ್ಟ ಬೆಲ್‌ಬಾಟಮ್ ಊಟ ಕೇಳುವುದಿಲ್ಲ. ಮಾಡುವವನು ಏನು ಮಾಡಬೇಕು? ಫ್ಯಾಷನ್ನು ಮುಖ ತಿರುಗಿಸಿದ ಆ ವರ್ಷಗಳಲ್ಲಿ ಅವನ ಮನೆಯ ಒಲೆ ಉರಿಯಬೇಕು, ಮಗನ ಶಾಲೆಯ ಫೀಜು ಕಟ್ಟಬೇಕು. ಮಗ ಬೇರೆ ಕೆಲಸಕ್ಕೆ ಹೋದರೆ ಹದದ ಗುಟ್ಟು ಅಲ್ಲಿಗೆ ಮುಗಿಯಿತು. ನಮೂನೆ ಚಿತ್ರದಲ್ಲಿ ಉಳಿಯುತ್ತದೆ. ಕೈಯ ಹದ ಚಿತ್ರದಲ್ಲಿ ಉಳಿಯುವುದಿಲ್ಲ. ಸಿರಿವಂತರ ಫ್ಯಾಷನ್ನಿಗೆ ಇಂದೂ ಅರ್ಥವಿದ್ದರೆ ಅದು ಇಷ್ಟೇ ಎಂದು ನಮಗೆ ತೋರುತ್ತದೆ: ಚಕ್ರ ತಿರುಗಿ ಬಂದ ಆ ನಾಲ್ಕು ದಿನಗಳಲ್ಲಿ ಮುಂದಿನ ಬರಗಾಲಕ್ಕೆ ಬೇಕಾದ ಕಾಳು ಮಾಡಿದವನ ಕಣಜ ಸೇರೀತೇ, ಇಲ್ಲವೇ?

ಇಲ್ಲಿ ಚೀಟಿಯ ಮಾತು ಬರುತ್ತದೆ. ನಮ್ಮ ಬಿ.ಕಾಂ. ಓದಿನಲ್ಲಿ ‘ಗುಡ್‌ವಿಲ್’ ಎಂಬ ಆಸ್ತಿಯ ಪಾಠವಿತ್ತು. ಕಣ್ಣಿಗೆ ಕಾಣದು, ಕೈಗೆ ಸಿಗದು. ಆದರೂ ಅಂಗಡಿ ಮಾರುವಾಗ ಅದಕ್ಕೆ ಬೆಲೆ ಕಟ್ಟಿ ಕೊಳ್ಳುತ್ತಾರೆ. ಪ್ರಾಡಾದವರ ಹೆಸರಿಗೆ ಅಂಥ ಬೆಲೆಯುಂಟು. ಅಥಣಿಯ ಸಮಗಾರನ ಹೆಸರಿಗೆ ಯಾವ ಆಸ್ತಿಪಟ್ಟಿಯಲ್ಲೂ ಜಾಗವಿಲ್ಲ. ಭೌಗೋಳಿಕ ಸೂಚಕ ಆ ಕೊರತೆಯನ್ನು ತುಂಬಲೆಂದು ಬಂದುದು. ಆದರೆ 1999ರ ಆ ಕಾಯಿದೆಯ 24ನೆಯ ಕಲಮಿನ ಪ್ರಕಾರ ಈ ಹಕ್ಕನ್ನು ಮಾರುವಂತಿಲ್ಲ, ಪರಭಾರೆ ಮಾಡುವಂತಿಲ್ಲ, ಅಡವಿಡುವಂತೆಯೂ ಇಲ್ಲ. ಹಣವಂತರು ಹಕ್ಕನ್ನೇ ಕೊಂಡುಬಿಡದಿರಲೆಂದು ಮಾಡಿದ ಒಳ್ಳೆಯ ಕಲಮು. ಆದರೆ ಅದನ್ನು ಹಿಡಿದು ಬ್ಯಾಂಕಿಗೆ ಬಂದರೆ ನಾವು ಒಂದು ರೂಪಾಯಿಯನ್ನೂ ಕೊಡಲಾರೆವು. ಅಲ್ಲದೆ, ಜಿಲ್ಲೆಯಲ್ಲಿ ಹುಟ್ಟಿ ಕಸುಬು ಮಾಡಿದರಷ್ಟೇ ಸಾಲದು. ‘ಅಧಿಕೃತ ಬಳಕೆದಾರ’ನೆಂದು ಪ್ರತಿಯೊಬ್ಬನೂ ನೋಂದಣಿ ಮಾಡಿಸಿಕೊಳ್ಳಬೇಕು. ಉಳಿ ಹಿಡಿಯುವ ಕೈಗೆ ಅರ್ಜಿ ತುಂಬುವ ಕೆಲಸ ಸುಲಭವಲ್ಲ.

ಮುಂಬಯಿಯ ಉಚ್ಚ ನ್ಯಾಯಾಲಯದಲ್ಲಿ ಪ್ರಾಡಾದ ವಿರುದ್ಧ ಹಾಕಿದ ಸಾರ್ವಜನಿಕ ಹಿತಾಸಕ್ತಿಯ ಅರ್ಜಿ 2025ರ ಜುಲೈಯಲ್ಲಿ ವಜಾ ಆಯಿತು. ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಬೇಕಾದರೆ ದಾವೆ ಹೂಡಲಿ ಎಂಬುದು ತೀರ್ಪಿನ ತಾತ್ಪರ್ಯ. ಡಿಸೆಂಬರಿನಲ್ಲಿ ಒಪ್ಪಂದವಾಯಿತು: ಮಹಾರಾಷ್ಟ್ರದ ‘ಲಿಡ್‌ಕಾಮ್’, ಕರ್ನಾಟಕದ ‘ಲಿಡ್ಕರ್’ ಎಂಬ ಎರಡು ಚರ್ಮೋದ್ಯೋಗ ನಿಗಮಗಳ ಜತೆಗೂಡಿ, ಎರಡೂ ರಾಜ್ಯಗಳಲ್ಲಿ 2,000 ಜೊತೆ ಮಾಡಿಸಿ, ಜೊತೆಗೆ ಸುಮಾರು 800 ಯೂರೋದಂತೆ ಮಾರುವ ಯೋಜನೆ ಪ್ರಕಟವಾಯಿತು, ಕುಶಲಕರ್ಮಿಗಳಿಗೆ ತರಬೇತಿಯ ಮಾತೂ ಅದರಲ್ಲಿದೆ. ಅಭ್ಯಾಸಬಲದಿಂದ ನಾವು ಗುಣಿಸಿದೆವು: 16 ಲಕ್ಷ ಯೂರೋ. ನಮ್ಮ ಹಣದಲ್ಲಿ 16 ಕೋಟಿ ರೂಪಾಯಿಯ ಆಸುಪಾಸು. ಇದರಲ್ಲಿ ಎಷ್ಟು ಪಾಲು ಹೊಲಿದವರ ಉಳಿತಾಯ ಖಾತೆಗೆ ಬಿತ್ತು ಎಂಬ ಒಂದು ಸಾಲಿನ ಲೆಕ್ಕವನ್ನು ಎರಡು ನಿಗಮಗಳೂ ವರ್ಷಕ್ಕೊಮ್ಮೆ ಪ್ರಕಟಿಸಿದರೆ ಸಾಕು. ಫ್ಯಾಷನ್ನಿನ ಬಗ್ಗೆ ಇಂಥ ಭಾಷಣಗಳೇ ಬೇಕಾಗಲಾರವು.

ಇನ್ನೊಂದು ಮಾತು, ಕೇಳಲು ಅಷ್ಟು ಹಿತವಲ್ಲದ್ದು. ಹರಳಯ್ಯನ ಕಥೆ ಇಲ್ಲಿರುವ ಎಲ್ಲರಿಗೂ ಗೊತ್ತು. ಶರಣು ಎಂದ ಸಮಗಾರ ಹರಳಯ್ಯನಿಗೆ ಬಸವಣ್ಣ ಶರಣು ಶರಣಾರ್ಥಿ ಎಂದ. ಒಂದು ಶರಣು ಹೆಚ್ಚಾಯಿತು. ಆ ಸಾಲ ತೀರಿಸಲು ಗಂಡಹೆಂಡಿರು ತಮ್ಮ ತೊಡೆಯ ಚರ್ಮದಿಂದ ಮೆಟ್ಟು ಮಾಡಿ ತಂದರು. ಬಸವಣ್ಣ ಅದನ್ನು ಕಾಲಿಗೆ ಮೆಟ್ಟದೆ ತಲೆಯ ಮೇಲಿಟ್ಟುಕೊಂಡ. ಕಥೆಯನ್ನು ಇಲ್ಲಿಗೆ ನಿಲ್ಲಿಸುವುದು ವಾಡಿಕೆ. ಆದರೆ ಮುಂದೆ ಅದೇ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾದಾಗ ಕಲ್ಯಾಣ ಹೊತ್ತಿ ಉರಿಯಿತು. ಬೀಗರಿಬ್ಬರೂ ಎಳೆಹೂಟೆಯ ಶಿಕ್ಷೆಗೆ ಬಲಿಯಾದರು. ಮೆಟ್ಟನ್ನು ತಲೆಯ ಮೇಲಿಡುವುದು ಸುಲಭ. ಮಾಡಿದವನನ್ನು ಮನೆಯೊಳಗೆ ಕರೆಯುವುದು ಕಷ್ಟ ಎಂಬುದನ್ನು ಹನ್ನೆರಡನೆಯ ಶತಮಾನವೇ ಕಂಡಿತ್ತು. ಇಂದು ಇಟಲಿಯವರು ಹೆಸರು ಹೇಳಲಿಲ್ಲವೆಂದು ಸಿಟ್ಟಾದ ನಮ್ಮಲ್ಲಿ ಎಷ್ಟು ಮಂದಿ ಈ ಕಸುಬಿನ ಮನೆಯಲ್ಲಿ ಒಂದು ಲೋಟ ನೀರು ಕುಡಿದಿದ್ದೇವೆ? ಸಮಗಾರನ ಮಗ ಉಳಿ ಬಿಟ್ಟು ನಮ್ಮ ಹಾಗೆ ಬ್ಯಾಂಕಿನ ಪರೀಕ್ಷೆ ಕಟ್ಟಿದರೆ ಕಲೆ ಹಾಳಾಯಿತೆಂದು ಮರುಗುವ ಹಕ್ಕು ನಮಗಿಲ್ಲ. ಅವನು ಕಸುಬಿನಲ್ಲಿ ಉಳಿಯಬೇಕಾದರೆ ಹಣವೂ ಬೇಕು, ಮರ್ಯಾದೆಯೂ ಬೇಕು. ಒಂದು ಕೊಟ್ಟು ಇನ್ನೊಂದನ್ನು ಬಾಕಿ ಇಟ್ಟರೆ ಖಾತೆ ಚುಕ್ತಾ ಆಗುವುದಿಲ್ಲ.

ಹಣದ ಮಟ್ಟಿಗೆ ನಮ್ಮ ಕೌಂಟರಿನಿಂದ ಒಂದು ಉಪಯೋಗದ ಸುದ್ದಿ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಪಾದರಕ್ಷೆ ಮಾಡುವುದೂ ಒಂದು. ಅಡಮಾನವಿಲ್ಲದೆ ಮೊದಲು 1 ಲಕ್ಷ, ಅದನ್ನು ತೀರಿಸಿದವರಿಗೆ 2 ಲಕ್ಷ ರೂಪಾಯಿಯ ವರೆಗೆ, ಶೇಕಡಾ 5ರ ಬಡ್ಡಿಗೆ ಸಾಲವುಂಟು. ಬೆಳಗಾವಿ, ವಿಜಯಪುರದ ಕಡೆ ನಂಟಿರುವ ಸದಸ್ಯರು ಊರಿಗೆ ಹೋದಾಗ ಈ ಮಾತನ್ನು ಅಲ್ಲಿ ಹೇಳಬೇಕು. ಅರ್ಜಿ ತುಂಬಿಕೊಡಲು ಒಂದು ಮಧ್ಯಾಹ್ನ ಕೂರಬೇಕು.

ಕೊಳ್ಳುವವರಿಗೂ ಎರಡು ಮಾತು. ಬಾಂದ್ರಾದ ಲಿಂಕಿಂಗ್ ರೋಡಿನಲ್ಲಾಗಲಿ, ನಮ್ಮ ಮಲಾಡಿನ ಎಸ್.ವಿ. ರೋಡಿನಲ್ಲಾಗಲಿ ಕೊಲ್ಹಾಪುರಿಯೆಂದು ಮಾರುವುದೆಲ್ಲ ಕೊಲ್ಹಾಪುರಿಯಲ್ಲ. ತಿರುವಿ ನೋಡಿ: ಮೊಳೆ ಕಂಡರೆ ಬೇಡ, ಹೊಲಿಗೆ ತೊಗಲಿನದಾಗಿರಬೇಕು, ಮೂಗಿಗೆ ಹಿಡಿದರೆ ರೆಕ್ಸಿನ್ನಿನ ವಾಸನೆಯಲ್ಲ, ತೊಗಲಿನ ವಾಸನೆ ಬರಬೇಕು. ಅಂಗಡಿಯವನನ್ನು ‘ಅಥಣಿಯದು ಇದೆಯೆ?’ ಎಂದು ಕೇಳಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಅವನೇ ಆ ಹೆಸರು ಹೇಳಿ ಮಾರುತ್ತಾನೆ. ಮೊದಲ ವಾರ ಕಾಲು ಕಚ್ಚುತ್ತದೆ. ಕೊಬ್ಬರಿ ಎಣ್ಣೆ ಸವರಿದರೆ ಒಗ್ಗುತ್ತದೆ. ಜೂನ್ ಬಂದೊಡನೆ ಮಾತ್ರ ತೆಗೆದು ಅಟ್ಟಕ್ಕಿಡಬೇಕು. ಮಲಾಡಿನ ಸಬ್‌ವೇಯ ಮಳೆನೀರನ್ನು ತಾಳಿಕೊಳ್ಳುವ ಮೆಟ್ಟನ್ನು ಅಥಣಿಯವರೂ ಮಾಡಿಲ್ಲ, ಮಿಲಾನಿನವರೂ ಮಾಡಿಲ್ಲ.