ಪದಕದ ಹರ್ಷ, ಅಭಯದ ಹೊಣೆ

(ದಿಲ್‌ಸುಖ್‌ನಗರದ ಕನ್ನಡ ಜೈನರ ಸಭೆಯಲ್ಲಿ ಮಾಡಿದ ಭಾಷಣ)



2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತ 7 ಚಿನ್ನ, 9 ಬೆಳ್ಳಿ, 13 ಕಂಚು, ಒಟ್ಟು 29 ಪದಕಗಳನ್ನು ಗೆದ್ದಿತು. ಆ ಕೂಟದಲ್ಲಿ ಹಿಂದೆಂದೂ ನಮಗೆ ಇಷ್ಟು ಪದಕ ದೊರೆತಿರಲಿಲ್ಲ. ಹಾಸನದಲ್ಲಿ ಜನಿಸಿದ ಸುಹಾಸ್ ಯತಿರಾಜ್ ಬ್ಯಾಡ್ಮಿಂಟನ್ನಿನಲ್ಲಿ ಬೆಳ್ಳಿ ತಂದರು. ಬೌದ್ಧಿಕ ವೈಕಲ್ಯವುಳ್ಳವರ 400 ಮೀಟರ್ ಓಟದಲ್ಲಿ ಕಂಚು ಗೆದ್ದ ದೀಪ್ತಿ ಜೀವಾಂಜಿ ಇದೇ ತೆಲಂಗಾಣದ ವರಂಗಲ್ ಸೀಮೆಯವರು, ಹೈದರಾಬಾದಿನಲ್ಲಿ ಪಳಗಿದವರು.

ಹರ್ಷಿಸೋಣ. ಆದರೆ ಬಾಲ್ಯದಲ್ಲಿ ಊರವರು ಈ ಹುಡುಗಿಯನ್ನು ಹೀಯಾಳಿಸುತ್ತಿದ್ದರೆಂಬುದನ್ನೂ ಮರೆಯದಿರೋಣ. ನಾಲಗೆಯಿಂದಾಗುವ ಹಿಂಸೆಯೂ ಹಿಂಸೆಯೇ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಮೊದಲ ಮೂರಕ್ಕೆ ನಮ್ಮಲ್ಲಿ ರಸೀದಿ ಪುಸ್ತಕಗಳಿವೆ. ಅಭಯದಾನದ ಗತಿಯೇನು? ಅಕ್ಕನ ಮದುವೆಗೆ ಅಡ್ಡಿಯಾದೀತೆಂದು ಇಂಥ ಮಗುವನ್ನು ನೆಂಟರ ಕಣ್ಣಿನಿಂದ ಮರೆಮಾಡುವ ಮನೆಗಳು ನಮ್ಮಲ್ಲಿಲ್ಲವೆ? ಅಂಥ ಸಂಬಂಧ ಬೇಡವೆಂದು ಹಿಂದೆ ಸರಿಯುವವರೂ ನಾವೇ ಅಲ್ಲವೆ?

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಶೇ. 4ರಷ್ಟು ಮೀಸಲಿರಿಸಿದೆ. ಅದರ ಪಾಲನೆಗಾಗಿ ಸರ್ಕಾರವನ್ನು ಪ್ರಶ್ನಿಸುವುದು ಪೌರರ ಕರ್ತವ್ಯ. ಬಸದಿಯ ಮೆಟ್ಟಿಲ ಪಕ್ಕದಲ್ಲಿ ಗಾಲಿಕುರ್ಚಿಗೊಂದು ಇಳಿಜಾರು ಕಟ್ಟಿಸಲು ಮಾತ್ರ ನಮಗೆ ಯಾವ ಸರ್ಕಾರದ ಆದೇಶವೂ ಬೇಕಿಲ್ಲ.

ಪದಕ ಗೆಲ್ಲದ ಮಗುವಿಗೂ ಸಮಾಜದಲ್ಲಿ ಸಮಾನ ಸ್ಥಾನವಿರಬೇಕು. ಮುಂದಿನ ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿಯ ದಿನ ಬಂದಾಗ ನಮ್ಮ ಈ ಮಕ್ಕಳು ಸಭೆಯ ಮುಂದಿನ ಸಾಲಿನಲ್ಲಿ ಕುಳಿತಿರಲಿ. ನಾವು ಮೊದಲು ಕ್ಷಮೆ ಯಾಚಿಸಬೇಕಾದುದು ಅವರಲ್ಲಿ.