ಪರದೆಯ ಮೇಲೆ ಕನ್ನಡ ಬರಲಿ, ಕೈಗೆ ಕೆಲಸ ತರಲಿ!

(ಅಂಬಿಕಾನಗರದ ಯುವಜನರ ಮುಂದೆ ಆಡಿದ ಮಾತು)



ಸೂಪಾದಲ್ಲಿ 101 ಮೀಟರ್ ಎತ್ತರದ ಅಣೆಕಟ್ಟೆ. ಅಲ್ಲಿಂದ ಬಿಟ್ಟ ನೀರು ಬೊಮ್ಮನಹಳ್ಳಿ ಜಲಾಶಯಕ್ಕೆ ಬಂದು, ಸುರಂಗದಲ್ಲಿ ಹರಿದು, ನಾಗಝರಿಯ ಆರು ಘಟಕಗಳನ್ನು ತಿರುಗಿಸುತ್ತದೆ. ಮುಂದೆ ಕೊಡಸಳ್ಳಿ, ಕದ್ರಾ ದಾಟಿ ಕಾರವಾರದ ಬಳಿ ಕಡಲು ಸೇರುತ್ತದೆ. ಇದು ನಿಮಗೆಲ್ಲ ಗೊತ್ತಿರುವ ಸಂಗತಿ. ಇದನ್ನೇ ಹತ್ತು ನಿಮಿಷದಲ್ಲಿ, ಏಳನೇ ತರಗತಿಯ ಮಗುವಿಗೂ ಅದರ ಅಜ್ಜಿಗೂ ತಿಳಿಯುವಂತೆ ಪರದೆಯ ಮೇಲೆ ತೋರಿಸಬಲ್ಲಿರಾ? ಬಲ್ಲೆವು ಎನ್ನುವವರಿಗೆ ಇಂದು ಒಂದು ಉದ್ಯೋಗವಿದೆ. ಅದರ ಹೆಸರು ಪ್ರೆಸೆಂಟೇಶನ್ ಡಿಸೈನ್.

ಕೆಪಿಸಿಯ ನೌಕರಿ ಎಲ್ಲರಿಗೂ ಸಿಗುವುದಿಲ್ಲ. ಬೆಂಗಳೂರಿನ ಬಸ್ಸು ಹತ್ತುವುದೊಂದೇ ದಾರಿಯೇ? ಈ ಕೆಲಸಕ್ಕೆ ಬೇಕಾದದ್ದು ಒಂದು ಕಂಪ್ಯೂಟರು, ಇಂಟರ್‌ನೆಟ್ಟು ಮತ್ತು ವಿಷಯವನ್ನು ಬಿಡಿಸಿ ಹೇಳುವ ಬುದ್ಧಿ. ಪವರ್‌ಪಾಯಿಂಟ್ 1987ರಲ್ಲೇ ಬಂತು; ಇಂದು ಅದನ್ನು ಯಾರು ಬೇಕಾದರೂ ತೆರೆಯಬಹುದು. ಆದರೆ ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಬಿಡಬೇಕು ಎಂಬುದು ತಂತ್ರಾಂಶಕ್ಕೆ ತಿಳಿಯದು. ಗಿರಾಕಿ ಹಣ ಕೊಡುವುದು ಆ ತಿಳಿವಳಿಕೆಗೆ.

ಇದರಲ್ಲಿ ಕನ್ನಡದ ಮಾತೇಕೆ ಎನ್ನುತ್ತೀರಾ? ಕೇಳಿ. 2006ರ ಸೆಪ್ಟೆಂಬರ್ 14ರ ಪರಿಸರ ಅಧಿಸೂಚನೆಯ ಪ್ರಕಾರ, ದೊಡ್ಡ ಯೋಜನೆಯ ಸಾರ್ವಜನಿಕ ವಿಚಾರಣೆ ಶುರುವಾಗುವುದೇ ಯೋಜನೆಯವರು ನೀಡುವ ಪ್ರೆಸೆಂಟೇಶನ್‌ನಿಂದ. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಕಾಗದದಲ್ಲಿ ಕನ್ನಡವಿದ್ದು ಪರದೆ ಇಂಗ್ಲಿಷಿನಲ್ಲಿ ಓಡಿದರೆ, ಜಮೀನು ಕಳೆದುಕೊಳ್ಳಲಿರುವ ರೈತ ಏನನ್ನು ಪ್ರಶ್ನಿಸಿಯಾನು? ಅಣೆಕಟ್ಟೆಗಾಗಿ ಹಳೆಯ ಸೂಪಾ ಊರೇ ಮುಳುಗಿ, ಜನ ರಾಮನಗರಕ್ಕೆ ಹೋಗಿ ನೆಲೆಸಿದ ಸೀಮೆ ನಮ್ಮದು. ನೀರು ಎಲ್ಲಿಯವರೆಗೆ ಬರುತ್ತದೆ ಎಂಬ ಒಂದು ನಕ್ಷೆ ಅರ್ಥವಾಗುವುದಕ್ಕೂ ಆಗದಿರುವುದಕ್ಕೂ ಎಷ್ಟು ಅಂತರವೆಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹಾಗಾದರೆ ಕಲಿಯುವುದೇನು? ಮೊದಲನೆಯದು, ಒಂದು ಸ್ಲೈಡಿಗೆ ಒಂದೇ ವಿಚಾರ. ಎರಡನೆಯದು, ನಮ್ಮ ಅಕ್ಷರದ ಗುಣ. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಇಂಗ್ಲಿಷಿಗೆ ಮಾಡಿದ ಅಚ್ಚಿನಲ್ಲಿ ಕನ್ನಡ ತುಂಬಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ನಮ್ಮ ಪದಗಳೂ ಉದ್ದ, ಚೌಕದಲ್ಲಿ ಹಿಡಿಸುವುದಿಲ್ಲ. ಸಾಲಿನ ನಡುವೆ ಜಾಗ ಬಿಡಿ, ಚೌಕ ಅಗಲ ಮಾಡಿ. ಮೂರನೆಯದು, ಯೂನಿಕೋಡ್‌ನಲ್ಲೇ ಬರೆಯಿರಿ. ಹಳೆಯ ಫಾಂಟಿನಲ್ಲಿ ಮಾಡಿದ್ದು ಸಭೆಯ ಕಂಪ್ಯೂಟರಿನಲ್ಲಿ ಚಿಂದಿಯಾಗುತ್ತದೆ! ಜೊತೆಗೊಂದು ಪಿಡಿಎಫ್ ಪ್ರತಿ ಇರಲಿ. ನಾಲ್ಕನೆಯದು, ಜನ ಆಡುವ ಮಾತನ್ನೇ ಬಳಸಿ. ಟರ್ಬೈನ್ ಅನ್ನು ಟರ್ಬೈನ್ ಎಂದೇ ಕರೆಯಿರಿ. ನಿಘಂಟಿನಿಂದ ಎತ್ತಿದ ಸಂಸ್ಕೃತ ಪದವೂ ಇಂಗ್ಲಿಷಿನಷ್ಟೇ ದೂರ ನಿಲ್ಲುತ್ತದೆ.

ಪದವಿಪತ್ರ ಬೇಕೆಂದು ಕಾಯಬೇಡಿ. ಕಾಳಿ ನದಿಯ ವಿದ್ಯುತ್ತಿನ ಕಥೆಯನ್ನೇ ಹತ್ತು ಸ್ಲೈಡು ಮಾಡಿ. ಅದೇ ನಿಮ್ಮ ಮೊದಲ ಮಾದರಿ. ಪೇಟೆಯ ಕಂಪನಿಯ ಕೆಲಸಕ್ಕೂ ಅದನ್ನೇ ತೋರಿಸಬಹುದು. ಅದಕ್ಕೆ ಇಂಗ್ಲಿಷೂ ಬೇಕು, ಕಲಿಯಿರಿ; ಕನ್ನಡ ಬಿಟ್ಟು ಕಲಿಯಬೇಕಿಲ್ಲ. ಸುತ್ತಮುತ್ತಲಿನ ಸಹಕಾರಿ ಸಂಘದ ವಾರ್ಷಿಕ ಸಭೆ, ಶಾಲೆಯ ವಿಜ್ಞಾನ ಪಾಠ, ಗಣೇಶಗುಡಿಯ ಹೋಮ್‌ಸ್ಟೇ, ಪಂಚಾಯಿತಿಯ ಗ್ರಾಮಸಭೆ, ಎಲ್ಲ ಕಡೆ ಬಾಗಿಲು ತಟ್ಟಿ. ಮೊದಲೊಂದನ್ನು ಬಿಟ್ಟಿ ಮಾಡಿಕೊಟ್ಟರೂ ಎರಡನೆಯದಕ್ಕೆ ದರ ಹೇಳಿ. ಎಷ್ಟು ಸ್ಲೈಡು, ಎಷ್ಟು ಬಾರಿ ತಿದ್ದುಪಡಿ, ಮುಂಗಡ ಎಷ್ಟು ಎಂದು ಬರೆದು ಒಪ್ಪಿಸಿಕೊಳ್ಳಿ. ಸಂಕೋಚಪಟ್ಟರೆ ಹೊಟ್ಟೆ ತುಂಬದು.

ಓದುಗ ಬಂಧುಗಳೇ, ನಿಮ್ಮದೂ ಒಂದು ಕರ್ತವ್ಯವಿದೆ. ಯಾವುದೇ ಸಭೆಯಲ್ಲಿ ಪರದೆ ಇಂಗ್ಲಿಷಿನಲ್ಲಿ ಬೆಳಗಿದರೆ ಎದ್ದು ನಿಂತು, ವಿನಯದಿಂದ, ಗಟ್ಟಿಯಾಗಿ ಕೇಳಿ: “ಸ್ವಾಮಿ, ಕನ್ನಡದಲ್ಲಿ ತೋರಿಸಿ.” ನೀವು ಕೇಳಿದರೆ ಅದನ್ನು ಮಾಡಿಕೊಡುವವರು ಬೇಕಾಗುತ್ತಾರೆ. ಮಾಡಿಕೊಡುವವರು ಬೇಕಾದರೆ ನಮ್ಮ ಮಕ್ಕಳಿಗೆ ಕೆಲಸ ಹುಟ್ಟುತ್ತದೆ. ಮುಂದಿನ ಸಭೆಯಲ್ಲೇ ಕೇಳಿ!